ಸುಖವೂ ವೇಗವೂ

ಜಾನುವಾರುಗಳ ಸಂತೆಯಲ್ಲಿ ಎತ್ತು ಕೊಳ್ಳಲು ನಿಂತ ರೈತನು ಒಮ್ಮೆಲೇ ಹಣದ ಗಂಟನ್ನು ಬಿಚ್ಚುವುದಿಲ್ಲ. ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ಗೊರಸಿನ ಊರುವಿಕೆಯನ್ನು ನೋಡುತ್ತಾನೆ. ಕಿಲಾರಿ ಎತ್ತು ಓಟಕ್ಕೆ ಹೆಸರಾದುದು. ಕೃಷ್ಣಾ ತೀರದ ಎತ್ತು ಎರೆಮಣ್ಣಿನಲ್ಲಿ ಭಾರ ಎಳೆಯುವ ಕಸುವಿಗೆ ಹೆಸರಾದುದು. ಇವೆರಡರಲ್ಲಿ ಯಾವುದು ಮೇಲೆಂದು ಕೇಳಿದರೆ ಅನುಭವಿಯಾದ ರೈತನು ನಕ್ಕು, "ಹೊಲಾ ಎಂಥಾದ್ದು, ದಾರಿ ಎಷ್ಟು?" ಎಂದು ಮರುಪ್ರಶ್ನೆ ಹಾಕುತ್ತಾನೆ. ಎತ್ತಿನ ವಿಷಯದಲ್ಲಿ ಇಷ್ಟೊಂದು ವಿವೇಕ ತೋರುವ ಮನೆತನದ ತರುಣನು ಮೋಟಾರು ಸೈಕಲ್ಲಿನ ಅಂಗಡಿಯನ್ನು ಹೊಕ್ಕೊಡನೆ ಕೇಳುವುದು ಒಂದೇ ಮಾತು: "ಎಷ್ಟು ಓಡುತ್ತದೆ?" ಹೆಚ್ಚೆಂದರೆ, "ಲೀಟರಿಗೆ ಎಷ್ಟು ಕೊಡುತ್ತದೆ?" ಎಂಬುದು ಎರಡನೆಯ ಪ್ರಶ್ನೆ. ಆ ವಾಹನದ ಮೇಲೆ ದಿನವಿಡೀ ಕುಳಿತು ಹೋದ ಮನುಷ್ಯನು ಸಂಜೆ ಎಂಥ ಸ್ಥಿತಿಯಲ್ಲಿ ಇಳಿಯುತ್ತಾನೆ ಎಂಬ ಮೂರನೆಯ ಪ್ರಶ್ನೆಯನ್ನು ಕೇಳುವವರು ವಿರಳ. ಆದರೆ ದೂರದ ಪ್ರಯಾಣದಲ್ಲಿ ಮೊದಲ ಪ್ರಶ್ನೆಯ ಉತ್ತರವು ಈ ಮೂರನೆಯದನ್ನೇ ಅವಲಂಬಿಸಿದೆ.

ಈ ವಿಚಾರವನ್ನು ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನ ಹಿರೇಬೆಂಡಿಗೇರಿಯಂಥ ಊರಿನಲ್ಲಿ ನಿಂತು ನೋಡುವುದು ಯುಕ್ತವಾಗಿದೆ. ಬೆಳವಲದ ಬಯಲು ಮುಗಿದು ಮಲ್ಲಾಡದ ಸೆರಗು ಮೊದಲಾಗುವ ಸೀಮೆ ಇದು. ಇಲ್ಲಿಂದ ಹೊರಡುವ ಸವಾರನ ಮುಂದೆ ಮೂರು ಬಗೆಯ ದಾರಿಗಳಿವೆ. ಹೊಲಕ್ಕೂ ನೆರೆಯ ಹಳ್ಳಿಗಳಿಗೂ ಹೋಗುವ ದಾರಿ ಮೊದಲನೆಯದು. ಬೇಸಿಗೆಯಲ್ಲಿ ಅದು ಧೂಳು. ಮಳೆ ಬಿದ್ದೊಡನೆ ಚಕ್ರಕ್ಕೆ ಮೆತ್ತಿಕೊಳ್ಳುವ ಜಿಗುಟು ಮಣ್ಣು. ಶಿಗ್ಗಾಂವಿಯನ್ನು ತಲುಪಿದರೆ ಪುಣೆ–ಬೆಂಗಳೂರು ಹೆದ್ದಾರಿ ಸಿಗುತ್ತದೆ. ಹಿಂದೆ ನಾಲ್ಕನೆಯ ಸಂಖ್ಯೆಯಿಂದ ಕರೆಸಿಕೊಳ್ಳುತ್ತಿದ್ದು ಈಗ 48ನೆಯ ರಾಷ್ಟ್ರೀಯ ಹೆದ್ದಾರಿಯೆನಿಸಿದ ಈ ಹಾದಿಯಲ್ಲಿ ಬಂಕಾಪುರ, ಹಾವೇರಿ, ರಾಣೇಬೆನ್ನೂರು, ದಾವಣಗೆರೆ, ಚಿತ್ರದುರ್ಗಗಳನ್ನು ದಾಟಿ ರಾಜಧಾನಿಯನ್ನು ಮುಟ್ಟಬೇಕಾದರೆ 350 ಕಿಲೋಮೀಟರಿಗೂ ಹೆಚ್ಚು ದೂರ ಕ್ರಮಿಸಬೇಕು. ಮೂರನೆಯದು ಪಡುವಣದ ದಾರಿ. ತಡಸ, ಮುಂಡಗೋಡಗಳ ಮೇಲೆ ಶಿರಸಿಗೆ ಹೋಗಿ, ದೇವಿಮನೆ ಘಟ್ಟವನ್ನಿಳಿದು ಕುಮಟೆಯ ಕಡಲನ್ನು ಸೇರುವ ದಾರಿ ಅದು. ಒಂದೇ ಊರಿನ ಒಬ್ಬನೇ ಸವಾರನಿಗೆ ಈ ಮೂರೂ ದಾರಿಗಳು ಒಂದೇ ವರ್ಷದಲ್ಲಿ ಎದುರಾಗಬಹುದು. ಮೂರರಲ್ಲಿಯೂ ಸಮನಾಗಿ ಮೆರೆಯುವ ವಾಹನವನ್ನು ಇದುವರೆಗೆ ಯಾರೂ ನಿರ್ಮಿಸಿಲ್ಲ.

ಕರ್ನಾಟಕದ ರಸ್ತೆಗಳಲ್ಲಿ ಸುಮಾರು ಮೂರು ದಶಕಗಳ ಕಾಲ ಸವಾರರ ವಾಗ್ವಾದಕ್ಕೆ ವಸ್ತುವಾಗಿದ್ದವು ಎರಡು ವಾಹನಗಳು. ಒಂದು ಮೈಸೂರಿನದು, ಮತ್ತೊಂದು ಮದರಾಸಿನದು. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಂಪನಿಯ ಕಾರ್ಖಾನೆಯನ್ನು 1961ರಲ್ಲಿ ಉದ್ಘಾಟಿಸಿದವರು ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು. ಅದರ ಸ್ಥಾಪಕರು ಪಾರಸಿ ಮನೆತನದ ಫಾರೂಕ್ ಇರಾನಿಯವರು. 'ಜಾವಾ' ಎಂಬ ಹೆಸರನ್ನು ಕೇಳಿ ಅದೇ ಹೆಸರಿನ ದ್ವೀಪವನ್ನು ನೆನೆಯುವವರುಂಟು. ಆದರೆ ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಚೆಕೊಸ್ಲೊವಾಕಿಯಾದ ಯಾನೆಚೆಕ್ ಎಂಬ ಉದ್ಯಮಿಯು ಜರ್ಮನಿಯ ವಾಂಡರರ್ ಎಂಬ ಕಂಪನಿಯಿಂದ ಮೋಟಾರು ಸೈಕಲ್ಲಿನ ತಯಾರಿಕೆಯನ್ನು ಕೊಂಡಾಗ ಎರಡು ಹೆಸರುಗಳ ಮೊದಲ ಅಕ್ಷರಗಳನ್ನು ಕೂಡಿಸಿ ಮಾಡಿದ ಹೆಸರು ಅದು. ಮೈಸೂರಿನ ವಾಹನಕ್ಕೆ 1973ರಿಂದ 'ಯೆಜ್ದಿ' ಎಂಬ ಹೆಸರು ಬಂದಿತು. ಮದರಾಸಿನ ತಿರುವೊಟ್ಟಿಯೂರಿನಲ್ಲಿ 1955ರಲ್ಲಿ ಆರಂಭವಾದ ಎನ್‌ಫೀಲ್ಡ್ ಇಂಡಿಯಾ ಕಂಪನಿಯು ಇಂಗ್ಲೆಂಡಿನ ಮಾದರಿಯ 'ಬುಲೆಟ್' ವಾಹನವನ್ನು ತಯಾರಿಸತೊಡಗಿತು. ಸೈನ್ಯಕ್ಕೂ ಪೊಲೀಸ್ ಇಲಾಖೆಗೂ ಅದು ಒಗ್ಗಿಕೊಂಡುದರಿಂದ ಜನರ ಕಣ್ಣಿಗೆ ಅಧಿಕಾರದ ಕಳೆಯೂ ಅದಕ್ಕೆ ಅಂಟಿಕೊಂಡಿತು. ಉತ್ತರ ಕರ್ನಾಟಕದ ಹಳ್ಳಿಗರು ಭೇದವೆಣಿಸದೆ ಎರಡನ್ನೂ 'ಫಟಫಟಿ' ಎಂದೇ ಕರೆದರು. ಆದರೆ ಕಿವಿಗೊಟ್ಟು ಕೇಳಿದವನಿಗೆ ಎರಡರ ಸದ್ದೂ ಬೇರೆ. ಸದ್ದಿನ ಹಿಂದಿರುವ ತತ್ತ್ವವೂ ಬೇರೆ.

ಎಂಜಿನ್ನಿನೊಳಗೆ ಸಿಲಿಂಡರ್ ಎಂಬ ಕೊಳವೆಯಿದ್ದು, ಅದರಲ್ಲಿ ಪಿಸ್ಟನ್ ಮೇಲಕ್ಕೂ ಕೆಳಕ್ಕೂ ಆಡುತ್ತದೆ. ಪಿಸ್ಟನ್ ಒಂದು ತುದಿಯಿಂದ ಇನ್ನೊಂದು ತುದಿಗೆ ಒಮ್ಮೆ ಚಲಿಸಿದರೆ ಅದು ಒಂದು ಸ್ಟ್ರೋಕ್, ಎಂದರೆ ಒಂದು ಹೊಡೆತ. ಬುಲೆಟ್ಟಿನದು ನಾಲ್ಕು ಹೊಡೆತದ ಎಂಜಿನ್ನು. ಪೆಟ್ರೋಲು ಬೆರೆತ ಗಾಳಿಯನ್ನು ಒಳಗೆಳೆಯುವುದು, ಅದನ್ನು ಒತ್ತುವುದು, ಹೊತ್ತಿಸಿ ಬಲವನ್ನು ಪಡೆಯುವುದು, ಹೊಗೆಯನ್ನು ಹೊರದೂಡುವುದು—ಈ ನಾಲ್ಕು ಕೆಲಸಗಳಿಗೆ ನಾಲ್ಕು ಹೊಡೆತಗಳು. ಹೀಗಾಗಿ ಅಚ್ಚು ಎರಡು ಸುತ್ತು ತಿರುಗಿದಾಗ ಒಮ್ಮೆ ಮಾತ್ರ ಬಲದ ಹೊಡೆತ ಬೀಳುತ್ತದೆ. ನಿಂತು ನಿಂತು ಬರುವ ಬುಲೆಟ್ಟಿನ ಗಂಭೀರ ಸದ್ದಿನ ಗುಟ್ಟು ಇದೇ. ಜಾವಾ ಹಾಗೂ ಯೆಜ್ದಿಗಳದು ಎರಡು ಹೊಡೆತದ ಎಂಜಿನ್ನು. ಅದು ಅದೇ ನಾಲ್ಕು ಕೆಲಸಗಳನ್ನು ಎರಡು ಹೊಡೆತಗಳಲ್ಲಿಯೇ ಮುಗಿಸಿ ಪ್ರತಿ ಸುತ್ತಿಗೂ ಒಮ್ಮೆ ಬಲವನ್ನು ಕೊಡುತ್ತದೆ. ಅದರಲ್ಲಿ ಕವಾಟಗಳಿಲ್ಲ, ಬಿಡಿಭಾಗಗಳು ಕಡಿಮೆ, ರಿಪೇರಿ ಸುಲಭ. ಆದರೆ ಎಂಜಿನ್ನಿನ ಅಂಗಗಳಿಗೆ ಬೇಕಾದ ಎಣ್ಣೆಯನ್ನು ಪೆಟ್ರೋಲಿನಲ್ಲಿಯೇ ಬೆರೆಸಬೇಕು. ಪೆಟ್ರೋಲಿನ ಜತೆಗೆ ಆ ಎಣ್ಣೆಯೂ ಉರಿಯುವುದರಿಂದ ವಾಹನದ ಹಿಂದೆ ನೀಲಿ ಹೊಗೆ ಏಳುತ್ತಿತ್ತು.

ಅಂಕಿಗಳನ್ನು ನೋಡಿದರೆ ವ್ಯತ್ಯಾಸವು ಇನ್ನಷ್ಟು ತಿಳಿಯಾಗುತ್ತದೆ. ಬುಲೆಟ್ಟಿನ ಸಿಲಿಂಡರಿನ ಅಗಲ 70 ಮಿಲಿಮೀಟರು, ಪಿಸ್ಟನ್ ಚಲಿಸುವ ದೂರ 90 ಮಿಲಿಮೀಟರು. ಗಾತ್ರ 346 ಘನ ಸೆಂಟಿಮೀಟರು, ಸಾಮರ್ಥ್ಯ 18 ಅಶ್ವಶಕ್ತಿ. ಜಾವಾದ ಅಗಲ 65, ಚಲನೆ 75 ಮಿಲಿಮೀಟರು; ಗಾತ್ರ 250ಕ್ಕೆ ತುಸು ಕಡಿಮೆ. ಮೊದಲಿನ ಜಾವಾಗಳು 12 ಅಶ್ವಶಕ್ತಿಯವಾಗಿದ್ದರೆ, 1978ರಲ್ಲಿ ಬಂದ ಯೆಜ್ದಿ ರೋಡ್‌ಕಿಂಗ್ 16 ಅಶ್ವಶಕ್ತಿಯದು. ಬುಲೆಟ್ಟಿಗಿಂತ ಸುಮಾರು ನೂರು ಘನ ಸೆಂಟಿಮೀಟರು ಚಿಕ್ಕದಾದ ಎಂಜಿನ್ನು ಹೆಚ್ಚುಕಡಿಮೆ ಅಷ್ಟೇ ಶಕ್ತಿಯನ್ನು ಕೊಟ್ಟಿತೆಂದಾಯಿತು. ಕೇವಲ ಅಶ್ವಶಕ್ತಿಯ ಅಂಕಿಯನ್ನೇ ನೋಡುವವನು ಇಲ್ಲಿಗೆ ತೀರ್ಪು ಕೊಟ್ಟುಬಿಡಬಹುದು. ಆದರೆ ಅಶ್ವಶಕ್ತಿಯು ಎಂಜಿನ್ನು ಒಂದು ನಿಮಿಷದಲ್ಲಿ ಎಷ್ಟು ಕೆಲಸ ಮಾಡಬಲ್ಲುದೆಂಬುದನ್ನು ಹೇಳುತ್ತದೆಯೇ ಹೊರತು, ಎಂಥ ಗತಿಯಲ್ಲಿ ಮಾಡುತ್ತದೆಂಬುದನ್ನಲ್ಲ. ಅಚ್ಚನ್ನು ತಿರುಗಿಸುವ ಕಸುವಿಗೆ ಟಾರ್ಕ್ ಎಂದು ಹೆಸರು. ಉದ್ದ ಚಲನೆಯ, ತೂಕದ ಗಾಲಿಯುಳ್ಳ ಬುಲೆಟ್ ಎಂಜಿನ್ನು ನಿಧಾನವಾಗಿ ತಿರುಗುತ್ತಿರುವಾಗಲೇ ಈ ಕಸುವನ್ನು ತುಂಬಿಕೊಡುತ್ತದೆ. ಹಿಂದೆ ಒಬ್ಬನನ್ನೂ ಟ್ಯಾಂಕಿನ ಮೇಲೆ ಬೀಜದ ಚೀಲವನ್ನೂ ಹೇರಿಕೊಂಡು ಏರುದಾರಿಯಲ್ಲಿ ಹೋಗುವಾಗ ಬುಲೆಟ್ ಸವಾರನು ಗೇರನ್ನು ಮುಟ್ಟದೆ ಸಾಗಬಲ್ಲನು. ಯೆಜ್ದಿಯ ಸವಾರನಾದರೋ ಗೇರನ್ನಿಳಿಸಿ ಎಂಜಿನ್ನನ್ನು ಮತ್ತೆ ಹುರಿದುಂಬಿಸಬೇಕು. ಕೃಷ್ಣಾ ತೀರದ ಎತ್ತು, ಕಿಲಾರಿ ಎತ್ತು ಎಂಬ ಭೇದ ಇಲ್ಲಿಯೂ ಉಂಟು.

ಹಾಗೆಂದು ಹಳ್ಳಿಯ ದಾರಿಯಲ್ಲಿ ಬುಲೆಟ್ಟೇ ಮೇಲೆಂದು ಹೇಳುವಂತಿಲ್ಲ. ಜಾವಾದ ಮೈಭಾರ ಕಡಿಮೆ. ಕೆಸರಿನಲ್ಲಿ ಹೂತರೆ ಒಬ್ಬನೇ ಎಳೆದು ತೆಗೆಯಬಹುದಾಗಿತ್ತು. ಅದರ ಸರಪಣಿಯು ಪೂರ್ತಿಯಾಗಿ ಕವಚದೊಳಗಿದ್ದುದರಿಂದ ಎರೆಮಣ್ಣಿನ ಕಾಟ ಅದಕ್ಕೆ ತಟ್ಟುತ್ತಿರಲಿಲ್ಲ. ಇದು ಸಣ್ಣ ಸಂಗತಿಯಂತೆ ಕಂಡರೂ ಮಳೆಗಾಲದಲ್ಲಿ ಸರಪಣಿಯನ್ನು ತೊಳೆದು ಎಣ್ಣೆ ಹಚ್ಚಿದವನು ಇದನ್ನು ಸಣ್ಣದೆನ್ನಲಾರನು. ವಾಹನವನ್ನು ಚಾಲೂ ಮಾಡುವ ಕಿಕ್ಕನ್ನೇ ಮುಂದಕ್ಕೆ ತಿರುಗಿಸಿದರೆ ಗೇರಿನ ಸನ್ನೆಯಾಗುವಂತೆ ಅದರಲ್ಲಿ ಏರ್ಪಾಡಿತ್ತು. ಬುಲೆಟ್ಟನ್ನು ಚಾಲೂ ಮಾಡುವುದು ಮಾತ್ರ ಒಂದು ವಿಧಿಯೇ ಸರಿ. ಆಮ್ಮೀಟರಿನ ಮುಳ್ಳನ್ನು ನೋಡುತ್ತ, ಒಂದು ಚಿಕ್ಕ ಸನ್ನೆಯನ್ನು ಒತ್ತಿ ಸಿಲಿಂಡರಿನೊಳಗಿನ ಒತ್ತಡವನ್ನು ಬಿಟ್ಟು, ಪಿಸ್ಟನ್ ತಕ್ಕ ಸ್ಥಾನಕ್ಕೆ ಬಂದಿತೆಂದು ಖಾತ್ರಿಯಾದ ಮೇಲೆ ತುಳಿಯಬೇಕು. ಅವಸರದಿಂದ ತುಳಿದವನ ಕಾಲಿಗೆ ಕಿಕ್ಕು ಹಿಂದಿರುಗಿ ಹೊಡೆಯುತ್ತಿತ್ತು. ಇಷ್ಟಲ್ಲದೆ ಆಗಿನ ಬುಲೆಟ್ಟಿನಲ್ಲಿ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಜಾವಾದಲ್ಲಿ ಇದಕ್ಕೆ ವಿರುದ್ಧ. ಒಂದನ್ನು ರೂಢಿ ಮಾಡಿಕೊಂಡವನು ಇನ್ನೊಂದನ್ನು ಎರವಲು ಪಡೆದು ಹೊರಟರೆ, ಎಮ್ಮೆ ಅಡ್ಡ ಬಂದಾಗ ಬ್ರೇಕೆಂದು ತುಳಿಯುವುದು ಗೇರನ್ನು.

ಈಗ ಘಟ್ಟದ ಮಾತು. ದೇವಿಮನೆಯ ತಿರುವುಗಳಲ್ಲಿ ಇಳಿಯುವಾಗ ಸವಾರನು ಎಂಜಿನ್ನಿಗೆ ಪೆಟ್ರೋಲು ಕೊಡುವುದನ್ನು ನಿಲ್ಲಿಸುತ್ತಾನೆ. ನಾಲ್ಕು ಹೊಡೆತದ ಎಂಜಿನ್ನಾದರೆ ಆಗ ತಾನೇ ಚಕ್ರವನ್ನು ಹಿಡಿದು ನಿಧಾನಗೊಳಿಸುತ್ತದೆ. ಬ್ರೇಕುಗಳಿಗೆ ಅರ್ಧ ಕೆಲಸ ಕಡಿಮೆಯಾಗುತ್ತದೆ. ಎರಡು ಹೊಡೆತದ ಎಂಜಿನ್ನಿನಲ್ಲಿ ಈ ಹಿಡಿತ ಅತ್ಯಲ್ಪ. ಮೇಲಾಗಿ ಅದರಲ್ಲಿ ಎಣ್ಣೆ ಬರುವುದು ಪೆಟ್ರೋಲಿನ ಜತೆಯಲ್ಲಿಯೇ ಆದುದರಿಂದ, ಪೆಟ್ರೋಲು ನಿಂತರೆ ಎಣ್ಣೆಯೂ ನಿಂತಿತು! ಉದ್ದನೆಯ ಇಳಿಜಾರಿನಲ್ಲಿ ಎಂಜಿನ್ನು ವೇಗವಾಗಿ ತಿರುಗುತ್ತಲೂ ಇರುತ್ತದೆ, ಎಣ್ಣೆಯಿಲ್ಲದೆ ಒಣಗುತ್ತಲೂ ಇರುತ್ತದೆ. ಇದನ್ನರಿತ ಯೆಜ್ದಿ ಸವಾರರು ಇಳಿಯುವಾಗಲೂ ನಡುನಡುವೆ ಆಕ್ಸಿಲರೇಟರನ್ನು ಒಮ್ಮೆ ತಿರುಗಿಸಿ ಬಿಡುತ್ತಿದ್ದರು. ಕೇಳಿದವರಿಗೆ ಅದು ಹುಡುಗಾಟದಂತೆ ತೋರುತ್ತಿತ್ತು. ವಾಸ್ತವವಾಗಿ ಅದು ಎಂಜಿನ್ನಿಗೆ ಗುಟುಕು ಎಣ್ಣೆ ಕುಡಿಸುವ ಉಪಾಯವಾಗಿತ್ತು.

ಇಲ್ಲಿಯವರೆಗಿನದು ಯಂತ್ರದ ಗುಣವಾಯಿತು. ಅದರ ಮೇಲೆ ಕುಳಿತ ದೇಹಕ್ಕೆ ಏನಾಗುತ್ತದೆಂಬುದು ಹೆದ್ದಾರಿಯಲ್ಲಿ ತಿಳಿಯುತ್ತದೆ. ಸರಾಸರಿ 60 ಕಿಲೋಮೀಟರು ವೇಗವನ್ನು ಕಾಯ್ದುಕೊಂಡರೂ ಶಿಗ್ಗಾಂವಿಯಿಂದ ಬೆಂಗಳೂರಿಗೆ ಆರು ಗಂಟೆಗಳ ಕಾಲ ಆಸನವನ್ನು ಬಿಡುವಂತಿಲ್ಲ. ಈ ಆರು ಗಂಟೆಗಳಲ್ಲಿ ಸವಾರನನ್ನು ದಣಿಸುವ ವೈರಿಗಳು ಮೂವರು: ನಡುಕ, ಗಾಳಿ, ಕುಳಿತ ಭಂಗಿ.

ಒಂದೇ ಸಿಲಿಂಡರಿನ ದೊಡ್ಡ ಎಂಜಿನ್ನಿನಲ್ಲಿ ತೂಕದ ಪಿಸ್ಟನ್ ಒಂದು ಮೇಲಕ್ಕೂ ಕೆಳಕ್ಕೂ ಬಡಿದಾಡುತ್ತಿರುತ್ತದೆ. ಅದನ್ನು ಸರಿದೂಗಿಸಲು ಎದುರಿಗೆ ಮತ್ತೊಂದು ಇಲ್ಲದಿರುವುದರಿಂದ ನಡುಕವು ಹ್ಯಾಂಡಲಿನ ಮೂಲಕ ಅಂಗೈಗೂ ಕಾಲಿಡುವ ಕಂಬಿಯ ಮೂಲಕ ಪಾದಕ್ಕೂ ಇಳಿಯುತ್ತದೆ. ಹಳೆಯ ಬುಲೆಟ್ಟು ಗಂಟೆಗೆ 60ರ ವೇಗದಲ್ಲಿ ಜೋಗುಳದಂತೆ ಸಾಗುತ್ತಿದ್ದುದು ನಿಜ. ಆದರೆ ವೇಗವನ್ನು 80ರ ಮೇಲೆ ಏರಿಸಿದರೆ ಕೈಬೆರಳುಗಳು ಜೋಮು ಹಿಡಿಯುತ್ತಿದ್ದವು. ಜೋಮು ಹಿಡಿದ ಬೆರಳು ಬ್ರೇಕಿನ ಹಿಡಿಯನ್ನು ತಡವಾಗಿ ಹುಡುಕುತ್ತದೆ. ಗಂಟೆಗೆ 80 ಕಿಲೋಮೀಟರು ವೇಗದಲ್ಲಿ ವಾಹನವು ಒಂದು ಸೆಕೆಂಡಿಗೆ 22 ಮೀಟರು ಕ್ರಮಿಸುತ್ತದೆ. ದಣಿದ ಸವಾರನು ಒಂದು ಸೆಕೆಂಡು ತಡಮಾಡಿದನೆಂದರೆ, ಬ್ರೇಕು ತನ್ನ ಕೆಲಸವನ್ನು ಆರಂಭಿಸುವ ಮೊದಲೇ ಎರಡು ಬಸ್ಸುಗಳ ಉದ್ದದಷ್ಟು ದಾರಿ ಕಳೆದುಹೋಗಿರುತ್ತದೆ. ಸುಖವೆಂಬುದು ಸೋಮಾರಿಗಳ ಬಯಕೆಯೆಂದು ಹೀಯಾಳಿಸುವ ತರುಣರು ಈ 22 ಮೀಟರುಗಳನ್ನು ಎಣಿಸಿ ನೋಡಬೇಕು.

ಗಾಳಿಯ ಲೆಕ್ಕ ಇನ್ನೂ ವಿಚಿತ್ರವಾದುದು. ವೇಗ ಎರಡರಷ್ಟಾದರೆ ಗಾಳಿಯ ಒತ್ತಡ ನಾಲ್ಕರಷ್ಟಾಗುತ್ತದೆ. ಆ ಒತ್ತಡವನ್ನು ಎದುರಿಸಲು ಬೇಕಾದ ಶಕ್ತಿ ಎಂಟರಷ್ಟಾಗುತ್ತದೆ. ನೆಟ್ಟಗೆ ಕುಳಿತ ಸವಾರನ ಎದೆಯ ಮೇಲೆ ಗಂಟೆಗೆ 45 ಕಿಲೋಮೀಟರು ವೇಗದಲ್ಲಿ ಸುಮಾರು ಐದು ಕಿಲೋಗ್ರಾಮಿನ ಭಾರದಷ್ಟು ಒತ್ತಡವಿದ್ದರೆ, 90ರಲ್ಲಿ ಅದು ಇಪ್ಪತ್ತಾಗುತ್ತದೆ. ಇಪ್ಪತ್ತು ಕಿಲೋಗ್ರಾಮಿನ ಜೋಳದ ಚೀಲವನ್ನು ಎದೆಗೊತ್ತಿ ಹಿಡಿದವನನ್ನು ದಾವಣಗೆರೆಯವರೆಗೂ ಹಾಗೆಯೇ ಕುಳಿತಿರೆಂದರೆ ಅವನು ಒಪ್ಪುವನೇ? ಆದರೂ ಹೆದ್ದಾರಿಯ ಸವಾರನು ಮಾಡುವುದು ಅದನ್ನೇ. ತೋಳುಗಳಿಂದ ಹ್ಯಾಂಡಲನ್ನು ಜಗ್ಗಿ ಹಿಡಿದು, ಕತ್ತನ್ನು ಬಿಗಿದು, ಗಾಳಿಯೊಡನೆ ಸೆಣಸುತ್ತಾನೆ. ಹಾವೇರಿಯಿಂದಾಚೆಯ ಬಯಲಿನಲ್ಲಿ ಆಷಾಢದ ಅಡ್ಡಗಾಳಿ ಬೀಸಿದರಂತೂ ಈ ಸೆಣಸಾಟಕ್ಕೆ ಕೊನೆಯಿಲ್ಲ.

ಈ ಸಮಸ್ಯೆಗೆ ಯಂತ್ರಶಿಲ್ಪಿಗಳು ಕೊಟ್ಟ ಉತ್ತರಗಳಲ್ಲಿ ಪ್ರಸಿದ್ಧವಾದುದು 1976ರಲ್ಲಿ ಜರ್ಮನಿಯ ಬಿ.ಎಂ.ಡಬ್ಲ್ಯು. ಕಂಪನಿ ಹೊರತಂದ ಆರ್ 100 ಆರ್.ಎಸ್. ಎಂಬ ವಾಹನ. ವಿಮಾನಗಳ ಆಕಾರವನ್ನು ವಾಯುಸುರಂಗದಲ್ಲಿಟ್ಟು ಪರೀಕ್ಷಿಸುವ ಪದ್ಧತಿ ಮೊದಲಿನಿಂದಲೂ ಉಂಟು. ಈ ಮೋಟಾರು ಸೈಕಲ್ಲಿನ ಮುಂಭಾಗದ ಕವಚವನ್ನು ಇಟಲಿಯ ಪಿನಿನ್‌ಫರಿನಾ ಸಂಸ್ಥೆಯ ವಾಯುಸುರಂಗದಲ್ಲಿ ಗಾಳಿಗೊಡ್ಡಿ, ತಿದ್ದಿ, ರೂಪಿಸಲಾಯಿತು. ಕವಚವು ಗಾಳಿಯನ್ನು ಸವಾರನ ಎದೆ, ಭುಜ, ಮೊಣಕಾಲುಗಳಿಂದ ಆಚೆಗೆ ಸರಿಸುತ್ತಿತ್ತು. ಮುಂದಿನ ಚಕ್ರವನ್ನು ನೆಲಕ್ಕೆ ಒತ್ತಿ ಹಿಡಿಯುವುದರಲ್ಲಿಯೂ ನೆರವಾಗುತ್ತಿತ್ತು. ಅದರ 70 ಅಶ್ವಶಕ್ತಿಯು ಆ ಕಾಲಕ್ಕೂ ಅದ್ಭುತವೆನಿಸುವಂಥದಾಗಿರಲಿಲ್ಲ. ಅದಕ್ಕಿಂತ ಬಲಶಾಲಿಯಾದ ಜಪಾನಿ ವಾಹನಗಳಿದ್ದವು. ಆದರೆ ದಿನವಿಡೀ ವೇಗವಾಗಿ ಸಾಗಿದ ಮೇಲೂ ಸವಾರನು ಮೈನೋವಿಲ್ಲದೆ ಇಳಿಯುತ್ತಿದ್ದನು. ಇಂಥ ವಾಹನಗಳಿಗೆ 'ಸ್ಪೋರ್ಟ್ ಟೂರಿಂಗ್' ಎಂಬ ಹೆಸರು ನಿಂತಿತು. ಪಂದ್ಯದ ಚುರುಕನ್ನೂ ಪ್ರವಾಸದ ನೆಮ್ಮದಿಯನ್ನೂ ಒಂದೇ ಚೌಕಟ್ಟಿನಲ್ಲಿ ಕೂಡಿಸುವ ಪ್ರಯತ್ನ ಅದು.

ಕುಳಿತುಕೊಳ್ಳುವ ಭಂಗಿಯನ್ನು ತಿಳಿಯಲು ಹ್ಯಾಂಡಲು, ಆಸನ, ಕಾಲಿಡುವ ಕಂಬಿ ಈ ಮೂರನ್ನೂ ಗೆರೆಗಳಿಂದ ಸೇರಿಸಿ ಒಂದು ತ್ರಿಕೋನವನ್ನು ಕಲ್ಪಿಸಿಕೊಳ್ಳಬೇಕು. ಪಂದ್ಯದ ವಾಹನದಲ್ಲಿ ಹ್ಯಾಂಡಲು ತಗ್ಗಿನಲ್ಲಿ, ಕಂಬಿ ಎತ್ತರದಲ್ಲಿ ಹಾಗೂ ಹಿಂದಕ್ಕೆ ಇರುತ್ತದೆ. ಸವಾರನು ಬೋರಲಾಗಿ ಬಾಗುವುದರಿಂದ ಗಾಳಿಯ ತಡೆ ಕಡಿಮೆ; ಆದರೆ ಮೈಭಾರವೆಲ್ಲ ಮಣಿಕಟ್ಟಿನ ಮೇಲೆ. ಊರೊಳಗಿನ ನಿಧಾನಗತಿಯಲ್ಲಿ ಆ ಭಾರವನ್ನು ಹೊರುವಷ್ಟು ಗಾಳಿಯೂ ಇರುವುದಿಲ್ಲವಾದ್ದರಿಂದ ಅರ್ಧ ಗಂಟೆಯಲ್ಲಿಯೇ ಮಣಿಕಟ್ಟು ಸೋಲುತ್ತದೆ. ಬುಲೆಟ್ಟಿನಂಥ ವಾಹನದಲ್ಲಿ ಸವಾರನು ಕುರ್ಚಿಯಲ್ಲಿ ಕುಳಿತಂತೆ ನೆಟ್ಟಗಿರುತ್ತಾನೆ. ನೋಡಲು ಇದು ರಾಜಭಂಗಿ. ಆದರೆ ರಸ್ತೆಯ ಪ್ರತಿಯೊಂದು ಗುಂಡಿಯ ಪೆಟ್ಟೂ ಬೆನ್ನುಹುರಿಯ ಬುಡದಿಂದ ನೇರವಾಗಿ ತಲೆಗೇರುತ್ತದೆ. ಸೊಂಟದಿಂದ ತುಸುವೇ ಮುಂದಕ್ಕೆ ಬಾಗಿ, ಪೆಟ್ಟಿನ ಒಂದು ಪಾಲನ್ನು ತೊಡೆ ಮತ್ತು ಪಾದಗಳು ಹೊರುವಂತೆ ಕುಳಿತರೆ ದೂರದ ದಾರಿ ಹಗುರವಾಗುತ್ತದೆ. ಚಕ್ಕಡಿಯ ಮೂಕಿಯ ಮೇಲೆ ಕುಳಿತು ಹೊಡೆಯುವವನು ಕಲ್ಲು ಬಂದಾಗ ಅರಿವಿಲ್ಲದೆಯೇ ಸೊಂಟವನ್ನೆತ್ತಿ ಮುಂದಕ್ಕೆ ಬಾಗುವುದನ್ನು ಕಂಡವರಿಗೆ ಇದು ಹೊಸ ವಿಚಾರವಲ್ಲ.

ಸುಖಕ್ಕಾಗಿ ಮಾಡಿದ ಏರ್ಪಾಡು ಸಾಮರ್ಥ್ಯವನ್ನು ಹೆಚ್ಚಿಸಿದ ಒಂದು ನಿದರ್ಶನ ಬುಲೆಟ್ಟಿನ ಚರಿತ್ರೆಯಲ್ಲಿಯೇ ದೊರೆಯುತ್ತದೆ. ಹಿಂದಿನ ಕಾಲದ ಮೋಟಾರು ಸೈಕಲ್ಲುಗಳಲ್ಲಿ ಹಿಂದಿನ ಚಕ್ರವನ್ನು ಚೌಕಟ್ಟಿಗೆ ಬಿಗಿಯಾಗಿಯೇ ಕೂಡಿಸುತ್ತಿದ್ದರು. ಪೆಟ್ಟನ್ನು ನುಂಗಲು ಇದ್ದುದು ಆಸನದ ಕೆಳಗಿನ ಸ್ಪ್ರಿಂಗು ಮಾತ್ರ. ದುರ್ಗಮ ದಾರಿಯ ಸ್ಪರ್ಧೆಗಳಲ್ಲಿ ಈ ಬಿಗಿ ಚೌಕಟ್ಟೇ ಶ್ರೇಷ್ಠವೆಂಬ ನಂಬಿಕೆ ಆಗ ಬಲವಾಗಿತ್ತು. ರಾಯಲ್ ಎನ್‌ಫೀಲ್ಡಿನವರು ಹಿಂದಿನ ಚಕ್ರವು ತೋಳಿನಂತೆ ಮೇಲೆ ಕೆಳಗೆ ಆಡುವ ಹೊಸ ಬುಲೆಟ್ಟನ್ನು 1948ರಲ್ಲಿ ಸ್ಪರ್ಧೆಗೆ ತಂದರು. ಅದೇ ವರ್ಷ ಇಟಲಿಯ ಸ್ಯಾನ್ ರೆಮೋದಲ್ಲಿ ನಡೆದ ಅಂತರರಾಷ್ಟ್ರೀಯ ಆರು ದಿನಗಳ ಸ್ಪರ್ಧೆಯಲ್ಲಿ ಬ್ರಿಟನ್ನಿನ ತಂಡ ಗೆದ್ದಿತು; ಆ ತಂಡದಲ್ಲಿದ್ದ ಇಬ್ಬರು ಬುಲೆಟ್ ಸವಾರರು ಚಿನ್ನದ ಪದಕ ಪಡೆದರು. ಕಾರಣ ಸರಳವಾದುದು. ಕಲ್ಲಿನ ಮೇಲೆ ಹಾರಿ ಗಾಳಿಯಲ್ಲಿರುವ ಚಕ್ರವು ವಾಹನವನ್ನು ಮುಂದಕ್ಕೆ ನೂಕಲಾರದು, ನಿಲ್ಲಿಸಲೂ ಆರದು. ಸ್ಪ್ರಿಂಗಿನ ಬಲದಿಂದ ನೆಲವನ್ನು ಬಿಡದೆ ಹಿಡಿದ ಚಕ್ರವು ಎರಡನ್ನೂ ಮಾಡಬಲ್ಲುದು. ಬೆನ್ನಿಗೆ ಹಿತವಾದುದೇ ಚಕ್ರಕ್ಕೆ ಹಿಡಿತವಾಯಿತು.

ಇದಕ್ಕೆ ವಿರುದ್ಧವಾದ ಪಾಠವೂ ಭಾರತದ ರಸ್ತೆಗಳಿಗೆ ದೊರಕಿದೆ. ಜಪಾನಿನ ಯಮಹಾ ಮಾದರಿಯ ರಾಜದೂತ್ 350 ವಾಹನವು 1983ರಲ್ಲಿ ಹೊರಬಂದಿತು. ಗಾತ್ರದಲ್ಲಿ ಬುಲೆಟ್ಟಿನಷ್ಟೇ ಆದ ಆ ಎಂಜಿನ್ನು ಎರಡು ಸಿಲಿಂಡರುಗಳಿಂದ, ಎರಡು ಹೊಡೆತದ ತತ್ತ್ವದಿಂದ ಸುಮಾರು 30 ಅಶ್ವಶಕ್ತಿಯನ್ನು ಹೊಮ್ಮಿಸುತ್ತಿತ್ತು. ಅದನ್ನು ಹತ್ತಿದ ತರುಣರು ಬಾಣದಂತೆ ಹಾರಿದರು. ಆದರೆ ಜಪಾನಿನ ಮೂಲ ಮಾದರಿಯ ಮುಂದಿನ ಚಕ್ರದಲ್ಲಿದ್ದ ಡಿಸ್ಕ್ ಬ್ರೇಕಿನ ಬದಲು ಇಲ್ಲಿಯದಕ್ಕೆ ಡ್ರಮ್ ಬ್ರೇಕನ್ನು ಅಳವಡಿಸಲಾಗಿತ್ತು. ಓಡುವ ಬಲಕ್ಕೆ ತಕ್ಕಂತೆ ನಿಲ್ಲುವ ಬಲ ಬೆಳೆಯಲಿಲ್ಲ. ನಿಲ್ಲಲು ಬೇಕಾಗುವ ದೂರವೂ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆಂಬುದನ್ನು ಮರೆಯಬಾರದು. ಒಳ್ಳೆಯ ಬ್ರೇಕುಗಳಿದ್ದು ಒಣ ರಸ್ತೆಯಾಗಿದ್ದರೂ ಗಂಟೆಗೆ 40ರ ವೇಗದಲ್ಲಿ ಸುಮಾರು ಒಂಬತ್ತು ಮೀಟರಿನಲ್ಲಿ ನಿಲ್ಲುವ ವಾಹನವು 80ರ ವೇಗದಲ್ಲಿ ಮೂವತ್ತೈದು ಮೀಟರು ಜಾರುತ್ತದೆ. ದಶಕ ಮುಗಿಯುವುದರೊಳಗೆ ಆ ವಾಹನ ಪೇಟೆಯಿಂದ ಮರೆಯಾಯಿತು. ಸಂಗ್ರಹಕಾರರು ಇಂದು ಅದಕ್ಕೆ ದೊಡ್ಡ ಬೆಲೆ ಕೊಡುತ್ತಾರೆ.

1984ರಿಂದೀಚೆಗೆ ಜಪಾನಿನ ಸಹಯೋಗದಿಂದ ಬಂದ 100 ಘನ ಸೆಂಟಿಮೀಟರಿನ ಚಿಕ್ಕ ವಾಹನಗಳು ಪೆಟ್ರೋಲಿನ ಉಳಿತಾಯವೊಂದನ್ನೇ ಮಂತ್ರವಾಗಿಸಿದವು. ಆ ಪೈಪೋಟಿಯಲ್ಲಿ ಸೊರಗಿದ ಮೈಸೂರಿನ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿತು. ಆದರೂ ಮೈಸೂರಿನಲ್ಲಿಯೂ ಬೆಂಗಳೂರಿನಲ್ಲಿಯೂ ಜುಲೈ ತಿಂಗಳ ಎರಡನೆಯ ಭಾನುವಾರ ಹಳೆಯ ಜಾವಾಗಳನ್ನು ತೊಳೆದು ಬೆಳಗಿ ಮೆರವಣಿಗೆ ಹೊರಡುವ ಅಭಿಮಾನಿಗಳಿದ್ದಾರೆ. ಜಾವಾದ ಹೆಸರು 2018ರಲ್ಲಿ, ಯೆಜ್ದಿಯ ಹೆಸರು 2022ರಲ್ಲಿ ಮತ್ತೆ ಪೇಟೆಗೆ ಬಂದವು. ಹೆಸರು ಹಳೆಯದಾದರೂ ಎಂಜಿನ್ನು ನಾಲ್ಕು ಹೊಡೆತದ್ದು, ನೀರಿನಿಂದ ತಣಿಯುವಂಥದು. ತಯಾರಾಗುವುದು ಮೈಸೂರಿನಲ್ಲಲ್ಲ, ಮಧ್ಯಪ್ರದೇಶದಲ್ಲಿ.

ಬುಲೆಟ್ಟೂ ಮೊದಲಿನಂತೆ ಉಳಿದಿಲ್ಲ. 2023ರಲ್ಲಿ ಬಂದ ಬುಲೆಟ್ಟಿನ 349 ಘನ ಸೆಂಟಿಮೀಟರಿನ ಎಂಜಿನ್ನಿನಲ್ಲಿ ಪಿಸ್ಟನ್ನಿನ ಬಡಿದಾಟಕ್ಕೆ ಎದುರಾಗಿ ತಿರುಗಿ ನಡುಕವನ್ನು ತಗ್ಗಿಸುವ ಒಂದು ಅಚ್ಚಿದೆ. ಸಾಮರ್ಥ್ಯವಾದರೋ ಸುಮಾರು 20 ಅಶ್ವಶಕ್ತಿ ಮಾತ್ರ. ಅಂಕಿಯಲ್ಲಿ ಅರ್ಧ ಶತಮಾನದ ಪ್ರಗತಿಯೆಂದರೆ ಎರಡೇ ಕುದುರೆಗಳು! ಆದರೆ 80ರ ವೇಗದಲ್ಲಿ ಬೆರಳು ಜೋಮು ಹಿಡಿಯದೆ ಹಾವೇರಿಯಿಂದ ಚಿತ್ರದುರ್ಗವನ್ನು ಮುಟ್ಟಿದವನು ಆ ಎರಡು ಕುದುರೆಗಳನ್ನು ಹಳಿಯುವುದಿಲ್ಲ. ಅದೇ ಕಂಪನಿಯ 2018ರ ಎರಡು ಸಿಲಿಂಡರಿನ 648 ಘನ ಸೆಂಟಿಮೀಟರಿನ ವಾಹನಗಳು 47 ಅಶ್ವಶಕ್ತಿಯವು. ಹೆದ್ದಾರಿಯಲ್ಲಿ ಅವು ಬೆವರದೆ ಸಾಗುತ್ತವೆ, ಹೊಲದ ದಾರಿಯಲ್ಲಿ ಇನ್ನೂರು ಕಿಲೋಗ್ರಾಮಿಗೂ ಮೀರಿದ ಮೈಭಾರ ಸವಾರನನ್ನು ಬೆವರಿಸುತ್ತದೆ. ಕನ್ನಡದ ಮಾತು ಇಂದಿಗೂ ಕಿವಿಗೆ ಬೀಳುವ ಗಡಿಯೂರಾದ ಹೊಸೂರಿನಲ್ಲಿ ಟಿ.ವಿ.ಎಸ್. ಕಂಪನಿಯು ಜರ್ಮನಿಯ ಬಿ.ಎಂ.ಡಬ್ಲ್ಯು.ದೊಡನೆ ಕೂಡಿ ರೂಪಿಸಿ, 2017ರಲ್ಲಿ ಹೊರತಂದ ಅಪಾಚೆ ಆರ್.ಆರ್. 310 ವಾಹನಕ್ಕೆ ಪೂರ್ಣ ಗಾಳಿಕವಚವಿದ್ದು, ಎಂಜಿನ್ನು ಆಗ ಸುಮಾರು 34 ಅಶ್ವಶಕ್ತಿಯದಾಗಿತ್ತು. 2016ರ ಹಿಮಾಲಯನ್ ವಾಹನದ ಮುಂದಿನ ಸ್ಪ್ರಿಂಗು 200 ಮಿಲಿಮೀಟರು ಕುಗ್ಗಿ ಹಿಗ್ಗಬಲ್ಲುದು. ಹಿರೇಬೆಂಡಿಗೇರಿಯ ಸವಾರನು ಹೆಚ್ಚಾಗಿ ಹೊಲಕ್ಕೂ ಘಟ್ಟಕ್ಕೂ ಹೋಗುವವನಾದರೆ ಈ 200 ಮಿಲಿಮೀಟರು ಅವನಿಗೆ ಆ 34 ಅಶ್ವಶಕ್ತಿಗಿಂತ ಹೆಚ್ಚಿನ ವೇಗವನ್ನು ಕೊಡುತ್ತದೆ. ವಾರಕ್ಕೊಮ್ಮೆ ಬೆಂಗಳೂರಿಗೆ ಹೋಗುವವನಾದರೆ ಗಾಳಿಕವಚವೇ ಲೇಸು. 2019ರ ಏಪ್ರಿಲಿನಿಂದ 125 ಘನ ಸೆಂಟಿಮೀಟರಿಗೆ ಮೇಲ್ಪಟ್ಟ ಹೊಸ ವಾಹನಗಳಿಗೆಲ್ಲ, ಬ್ರೇಕು ಹಿಡಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ಎ.ಬಿ.ಎಸ್. ವ್ಯವಸ್ಥೆಯನ್ನು ಸರ್ಕಾರವು ಕಡ್ಡಾಯಗೊಳಿಸಿತು. ಇದು ಎಲ್ಲ ದಾರಿಗಳಿಗೂ ಸಲ್ಲುವ ಸುಧಾರಣೆ.

ಹೋಲಿಕೆಯ ಪಟ್ಟಿಗಳಲ್ಲಿ ಅಂಕಿಯಾಗಿ ಎಲ್ಲಿಯೂ ಕಾಣಿಸದ ಒಂದು ಸ್ಥಾನವಿದೆ. ಅದು ಹಿಂದಿನ ಆಸನ. ಹಿಂದೆ ಕುಳಿತವರಿಗೆ ಹಿಡಿಕೆ, ಕಾಲಿಡುವ ಕಂಬಿ, ಬಟ್ಟೆ ಚಕ್ರಕ್ಕೆ ಸಿಲುಕದಂಥ ಮರೆ ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ವಿಧಿಸಿವೆ. ಆದರೂ ಇಂದಿನ ಚುರುಕು ವಾಹನಗಳಲ್ಲಿ ಹಿಂದಿನ ಆಸನವು ಬರಬರುತ್ತ ಕಿರಿದಾಗಿ, ಎತ್ತರವಾಗಿ, ಗುಬ್ಬಿ ಕೂರುವ ಕೊಂಬೆಯಂತಾಗಿದೆ. ಹಳ್ಳಿಯ ಮನೆಯಲ್ಲಿ ವಾಹನವು ಒಬ್ಬನ ಸ್ವತ್ತಲ್ಲ. ಮಗನು ಕೊಂಡ ವಾಹನದಲ್ಲಿ ತಂದೆ ಸೊಸೈಟಿಗೆ ಹೋಗಬೇಕು, ತಾಯಿ ಹುಬ್ಬಳ್ಳಿಯ ಆಸ್ಪತ್ರೆಗೆ ಹೋಗಬೇಕು. ಆದುದರಿಂದ ಅಂಗಡಿಯವನು ಪರೀಕ್ಷೆಗೆಂದು ವಾಹನವನ್ನು ಕೊಟ್ಟಾಗ ತರುಣನು ಒಬ್ಬನೇ ಹತ್ತಿ ರಸ್ತೆಯ ತುದಿಯವರೆಗೆ ಹಾರಿಸಿ ಬಂದರೆ ಸಾಲದು. ಮನೆಯ ಹಿರಿಯರೊಬ್ಬರನ್ನು ಹಿಂದೆ ಕೂರಿಸಿಕೊಂಡು, ಡಾಂಬರು ಕಿತ್ತುಹೋದ ಒಂದು ಹರದಾರಿ ದಾರಿಯಲ್ಲಿ ಹೋಗಿ ಬರಬೇಕು. ಇಳಿದ ಮೇಲೆ ತಾಯಿ ಸೊಂಟದ ಮೇಲೆ ಕೈಯಿಟ್ಟು ಒಂದು ಗಳಿಗೆ ಹಾಗೆಯೇ ನಿಂತಳೋ, ಇಲ್ಲವೆ ಸೆರಗನ್ನು ಸರಿಪಡಿಸಿಕೊಂಡು ನೇರವಾಗಿ ಒಳಗೆ ನಡೆದಳೋ ಎಂಬುದನ್ನು ನೋಡಿ, ಆಮೇಲೆ ಬೆಲೆಯ ಮಾತಿಗೆ ಕೂರಬಹುದು.